ಎಂಟು ಆರಾಗುವಾಗ

ನಾನು ಯಾವಾಗ ಬೈಯಬೇಕು ಎಂದು ಹನ್ನೊಂದು ಸಾವಿರ ಜನ ವೋಟು ಹಾಕಿದ್ದಾರೆ.

ಆ ಸುದ್ದಿ ಹೇಳಲು ನನ್ನ ತಂಗಿಯ ಮಗಳು ಜುವೇರಿಯಾ ಚನ್ನಪಟ್ಟಣದಿಂದ ರಾಮನಗರಕ್ಕೆ ಸ್ಕೂಟಿಯಲ್ಲಿ ಬಂದಿದ್ದಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕೇಳುವಾಗ ನನ್ನ ಮುಖ ಹೇಗಾಗುತ್ತದೆ ಎಂಬುದನ್ನು ವಿಡಿಯೋ ಮಾಡಿಕೊಳ್ಳಬೇಕಿತ್ತಲ್ಲ.

"ಎಂಬತ್ತೆರಡು ಪರ್ಸೆಂಟ್, ಖಾಲಾ! ಎಳೆ ಕಡಿದ ಮೇಲೆ ಬೈಬೇಕಂತೆ. ಮುಂಚೆ ಬೈದ್ರೆ ಮಜಾ ಇಲ್ವಂತೆ."

"ಯಾರವರು?"

"ಕಮ್ಯುನಿಟಿ."

ಕಮ್ಯುನಿಟಿ ಎಂದರೆ ನನಗೆ ಗೊತ್ತಿರುವುದು ನಮ್ಮ ಮೊಹಲ್ಲಾ. ಸಾವು, ಮಯ್ಯತ್ ಆದರೆ ಬಂದು ಕೂರುತ್ತಾರೆ, ಮದುವೆಗೆ ಬಂದರೆ ಬಿರಿಯಾನಿಗೆ ಉಪ್ಪು ಕಮ್ಮಿ ಅನ್ನುತ್ತಾರೆ. ಈ ಹನ್ನೊಂದು ಸಾವಿರ ಜನ ನನ್ನ ಮಯ್ಯತ್ತಿಗೆ ಬರುವವರಲ್ಲ. ಬಂದರೂ ಹೆಣ ಎಷ್ಟು ಹೊತ್ತಿಗೆ ಎತ್ತಬೇಕು ಎಂದು ವೋಟು ಹಾಕುತ್ತಾರೆ.

"ಇವತ್ತು ನಲವತ್ತು ಹೊಸ ಬೈಗುಳ ರೆಕಾರ್ಡ್ ಮಾಡ್ಕೊಂಡು ಹೋಗ್ತೀನಿ," ಎಂದಳು ಜುವೇರಿಯಾ. "ಮುಂದಿನ ತಿಂಗಳು ಫೋನ್ ಆಟದ ಪೂರ್ತಿ ಬಿಡುಗಡೆ. ಈಗ ಜನ ಆಡ್ತಿರೋದು ಬರೀ ಸ್ಯಾಂಪಲ್ಲು."

ನಮ್ಮದು ಆರು ಬೇಸಿನ್ನುಗಳ ಸಣ್ಣ ಶೆಡ್ಡು. ನನ್ನ ಗಂಡ ಇದ್ರೀಸ್ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ರೇಷ್ಮೆ ಗೂಡು ಹರಾಜಿನಲ್ಲಿ ಕೂಗಿ ತರುತ್ತಾರೆ. ಅದರಿಂದ ನೂಲು ತೆಗೆಸುವುದು ನನ್ನ ಪಾಲು. ಮನೆಯಲ್ಲಿ ನಾವು ಉರ್ದು ಆಡುತ್ತೇವೆ, ಶೆಡ್ಡಿನಲ್ಲಿ ಕನ್ನಡ. ಅಲ್ಲಿ ಕೂರುವ ಹೆಂಗಸರಲ್ಲಿ ಅರ್ಧ ಜನ ನಮ್ಮ ಬೀದಿಯವರು, ಇನ್ನರ್ಧ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು.

ಕೆಲಸ ನೋಡುವುದಕ್ಕೆ ಸುಲಭ. ಬೇಯಿಸಿದ ಗೂಡುಗಳನ್ನು ಬೇಸಿನ್ನಿನ ಬಿಸಿನೀರಿಗೆ ಬಿಡುತ್ತೇವೆ. ಎಂಟು ಗೂಡಿನ ಎಂಟು ಎಳೆ ಸೇರಿ ಒಂದು ನೂಲಾಗಿ ಮೇಲೆ ತಿರುಗುವ ರಾಟೆಗೆ ಹೋಗುತ್ತದೆ. ಗೂಡುಗಳು ನೀರಿನಲ್ಲಿ ಕುಣಿಯುತ್ತಿರುತ್ತವೆ. ಒಂದು ಬಿಚ್ಚಿ ಮುಗಿದರೆ ಒಳಗಿನ ಹುಳ ಮಾತ್ರ ಉಳಿದು ಮುಳುಗುತ್ತದೆ. ಆಗ ಎಂಟು ಏಳಾಗುತ್ತದೆ. ಹೊಸ ಗೂಡಿನ ತುದಿ ಹಿಡಿದು, ಓಡುತ್ತಿರುವ ನೂಲಿಗೆ ಎಸೆಯಬೇಕು. ತಡ ಮಾಡಿದರೆ ಏಳು ಆರಾಗುತ್ತದೆ, ನೂಲು ಬಡಕಲಾಗುತ್ತದೆ. ಐದಾದರೆ ಕಡಿಯುತ್ತದೆ. ಹೆಣ್ಣೊಬ್ಬಳ ಇಡೀ ವಿದ್ಯೆ ಆ ಎಂಟು ಮತ್ತು ಆರರ ನಡುವೆ ಇದೆ.

ಅದನ್ನು ನನಗೆ ಕಲಿಸಿದವಳು ಕೈಲಾಂಚದ ಶಿವಲಿಂಗಮ್ಮ. ನಾನು ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ನಮ್ಮ ಮಾವ, ಕೆಲಸ ಗೊತ್ತಿಲ್ಲದ ಯಜಮಾನಿ ಶೆಡ್ಡಿಗೆ ದಂಡ ಎಂದು ಹೇಳಿ ನನ್ನನ್ನು ಅವಳ ಮುಂದೆ ಕೂರಿಸಿದರು. ಅವಳು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. "ಕೈಯೇನಮ್ಮಿ ಅದು, ಮುದ್ದೆ ತಿರುವೋ ಕೋಲಾ?" "ಗಂಡನ ಮೀಸೆ ಎಣುಸ್ತಾ ಕೂತಿದ್ದೀಯಾ?" "ಹುಳ ಜೀವ ಕೊಟ್ಟೈತೆ, ನೀನು ಒಸಿ ಕಣ್ಣೂ ಕೊಡಾಕಿಲ್ವ?" ಯಜಮಾನರ ಸೊಸೆ ಎಂಬ ಮುಲಾಜು ಒಂದು ಚೂರೂ ಇರಲಿಲ್ಲ. ಮೊದಲ ವಾರ ಬಚ್ಚಲಿಗೆ ಹೋಗಿ ಅತ್ತೆ. ಮೂರು ತಿಂಗಳು ಕಳೆದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಎಳೆ ಕಡಿದ ಮೇಲೆ ಶಿವಲಿಂಗಮ್ಮ ಯಾವತ್ತೂ ಬೈದಿರಲಿಲ್ಲ. ಆರಾಗುವ ಹೊತ್ತಿಗೆ ಸರಿಯಾಗಿ ಬೈಗುಳ ಬರುತ್ತಿತ್ತು, ನನ್ನ ಕೈ ತಾನಾಗಿ ನೀರಿಗೆ ಹೋಗುತ್ತಿತ್ತು. ಅಷ್ಟಾದರೂ ಕಡಿದರೆ ಅವಳು ಮಾತಿಲ್ಲದೆ ಬಂದು ಎಳೆ ಸೇರಿಸಿ ಹೋಗುತ್ತಿದ್ದಳು. ಆ ಮೌನದ ಮುಂದೆ ಬೈಗುಳ ಎಷ್ಟೋ ವಾಸಿಯಾಗಿತ್ತು.

ಮಾವನಿಂದ ನನಗೆ ಶೆಡ್ಡು ಬಂತು, ಶಿವಲಿಂಗಮ್ಮನಿಂದ ಬೈಗುಳ ಬಂತು. ಎರಡರಲ್ಲಿ ಯಾವುದು ಹೆಚ್ಚು ಕೆಲಸಕ್ಕೆ ಬಂತು ಎಂದು ಕೇಳಿದರೆ ಇದ್ರೀಸ್ ಬೇಜಾರು ಮಾಡಿಕೊಳ್ಳುತ್ತಾರೆ.

ಜುವೇರಿಯಾ ಎರಡು ವರ್ಷದ ಹಿಂದೆ ಒಂದು ನೋಟ್‌ಬುಕ್ ಹಿಡಿದು ನಮ್ಮ ಶೆಡ್ಡಿಗೆ ಬಂದಳು. ಚಿತ್ರ ಬರೆಯುವುದನ್ನು ಓದಿದವಳು. ಗಂಡ ತೌಹೀದ್ ಕಂಪ್ಯೂಟರ್ ಓದಿದವನು. ಚನ್ನಪಟ್ಟಣದಲ್ಲಿ ಅವಳ ಮಾವನ ಬೊಂಬೆ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಕೂತು ಇಬ್ಬರೂ ಫೋನಿನ ಆಟ ಮಾಡುತ್ತಾರೆ. ಹಾಗೆ ಮನೆಯಲ್ಲೇ ಕೂತು ಮಾಡುವುದಕ್ಕೆ ಇಂಡೀ ಗೇಮ್ ಎನ್ನುತ್ತಾರಂತೆ. ತಲೆಯ ಮೇಲೆ ಯಾವ ಕಂಪನಿಯೂ ಇಲ್ಲ, ಯಾರ ಮಾತನ್ನೂ ಕೇಳಬೇಕಿಲ್ಲ, ಮನಸ್ಸಿಗೆ ಬಂದ ಹಾಗೆ ಮಾಡಬಹುದು ಎಂದು ತೌಹೀದ್ ನನಗೆ ವಿವರಿಸಿದ್ದ. ಆಗ ನಾನು ನಂಬಿದ್ದೆ.

ಇಪ್ಪತ್ತು ದಿನ ಅವಳು ಸ್ಟೂಲ್ ಹಾಕಿಕೊಂಡು ಕೂತು ಬರೆದಳು, ಎಣಿಸಿದಳು, ಶಬ್ದ ಹಿಡಿದುಕೊಂಡಳು. ಕೈಯನ್ನು ಮಾತ್ರ ನೀರಿಗೆ ಹಾಕಲಿಲ್ಲ, ವಾಸನೆ ಹತ್ತುತ್ತದೆ ಎಂದು. ಆದರೂ ಮೊದಲು ಮಾಡಿ ತಂದ ಆಟ ಚೆನ್ನಾಗಿತ್ತು. ಸುಳ್ಳು ಹೇಳಲಾರೆ. 'ಎಂಟು ಗೂಡು' ಎಂದು ಹೆಸರು. ಕಪ್ಪು ನೀರು, ಅದರಲ್ಲಿ ಎಂಟು ಗೂಡು ಕುಣಿಯುತ್ತವೆ. ಮುಗಿದ ಗೂಡಿನಲ್ಲಿ ಕಂದು ಹುಳ ಕಾಣಿಸಿ ಮುಳುಗುತ್ತದೆ. ಬೆರಳಿನಿಂದ ಹೊಸ ತುದಿ ಎಳೆದು ನೂಲಿಗೆ ಸೇರಿಸಬೇಕು. ಆರಾಗುತ್ತಿದ್ದ ಹಾಗೆ ನನ್ನ ದನಿ: "ಹುಳ ಜೀವ ಕೊಟ್ಟೈತೆ, ನೀನು ಒಸಿ ಕಣ್ಣೂ ಕೊಡಾಕಿಲ್ವ?" ಅದನ್ನು ಆಡುವಾಗ ನನ್ನ ಬೆನ್ನು ನೆಟ್ಟಗಾಯಿತು. ಮೂವತ್ತಮೂರು ವರ್ಷ ನಾನು ಮಾಡಿದ ಕೆಲಸ ಕಷ್ಟದ್ದು ಎಂದು ಯಾರೋ ಮೊದಲ ಸಲ ಒಪ್ಪಿಕೊಂಡ ಹಾಗಾಯಿತು. ಇದ್ರೀಸ್ ಒಂದು ದಿನವೂ ಹಾಗೆ ಅಂದವರಲ್ಲ. ನೂಲು ಚೆನ್ನಾಗಿದ್ದರೆ, ಗೂಡು ಚೆನ್ನಾಗಿತ್ತು ಅನ್ನುತ್ತಾರೆ. ನಮ್ಮ ಮೂರನೇ ಬೇಸಿನ್ನಿನ ಫಿರೋಜಾ ಆ ಆಟದಲ್ಲಿ ಜುವೇರಿಯಾಳನ್ನೇ ಸೋಲಿಸಿ ಎರಡು ದಿನ ಮೆರೆದಳು.

ಆಮೇಲೆ ಜುವೇರಿಯಾ ಆಟದ ತುಣುಕುಗಳನ್ನು ಫೀಡಿಗೆ ಹಾಕಲು ಶುರುಮಾಡಿದಳು.

ಫೀಡು ಎಂದರೆ ಏನೆಂದು ಅವಳು ತೋರಿಸಿದಳು. ಹೆಬ್ಬೆರಳಿನಿಂದ ತಳ್ಳುತ್ತಾ ಹೋಗಬೇಕು. ನಮ್ಮ ಗೂಡಿನ ಮಾರ್ಕೆಟ್ಟಿನಲ್ಲಿ ಟ್ರೇ ಸಾಲಾಗಿ ಇಟ್ಟಿರುತ್ತಾರಲ್ಲ, ಹಾಗೇ. ಮೇಲಿನ ಗೂಡು ನೋಡಿ ಬೆಲೆ ಕೂಗುವವನನ್ನು ನಮ್ಮಲ್ಲಿ ಪೆದ್ದ ಎನ್ನುತ್ತಾರೆ. ಬಲ್ಲವನು ಟ್ರೇಯ ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಫೀಡಿನಲ್ಲಿ ತಳವೇ ಇಲ್ಲ. ಅಲ್ಲಿರುವವರೆಲ್ಲ ಮೇಲಿನ ಗೂಡು ನೋಡಿ ಕೂಗುವವರೇ, ಪೆದ್ದ ಎನ್ನುವುದಕ್ಕೆ ಒಬ್ಬ ಬಲ್ಲವನೂ ಇಲ್ಲ.

ಮೊದಲು ಬಂದು ಸೇರಿದವರು ಕೋಜಿ ಗುಂಪಿನವರು. ಕಂಬಳಿ ಹೊದ್ದು, ಟೀ ಕಪ್ಪು ಹಿಡಿದು, ಮನಸ್ಸಿಗೆ ಹಾಯೆನಿಸುವ ಆಟ ಆಡುವ ಜನ. ಅವರಿಗೆ ಹಬೆ ಇಷ್ಟವಾಯಿತು. ಹುಳ ಇಷ್ಟವಾಗಲಿಲ್ಲ. ನೋಡಿ ಅಳು ಬಂತು ಎಂದು ಒಬ್ಬಳು ಬರೆದಳಂತೆ, ನಾಲ್ಕು ಸಾವಿರ ಜನ ಅದಕ್ಕೆ ಹೃದಯ ಒತ್ತಿದರಂತೆ. ಜುವೇರಿಯಾ ಹುಳ ತೆಗೆದಳು. ಗೂಡು ಮುಗಿದರೆ ಈಗ ಅದರಿಂದ ಬಿಳಿ ಚಿಟ್ಟೆ ಹಾರಿಹೋಗುತ್ತದೆ. ಚಿಟ್ಟೆ ಹಾರಿದ ಗೂಡಿಗೆ ತೂತಿರುತ್ತದೆ, ತೂತಿರುವ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ, ನಮ್ಮ ಬೀದಿಯ ಕೂಸಿಗೂ ಅದು ಗೊತ್ತು.

"ಗೊತ್ತು ಖಾಲಾ, ಆದ್ರೆ ನೋಡೋರಿಗೆ ಗೊತ್ತಿಲ್ವಲ್ಲ," ಎಂದಳು.

ಹುಳ ಹೋದ ಮೇಲೆ ಹುಳದ ಬೈಗುಳವೂ ಹೋಯಿತು. ಕಪ್ಪು ನೀರು ತಿಳಿ ಗುಲಾಬಿಯಾಯಿತು. ಕಿಟಕಿಯ ಹೊರಗೆ ಮಳೆ ಬಂತು. ಬೇಸಿನ್ನಿನ ಪಕ್ಕ ಒಂದು ಬೆಕ್ಕು ಬಂದು ಮಲಗಿತು. ನಮ್ಮ ಶೆಡ್ಡಿಗೆ ಬೆಕ್ಕು ಬಂದರೆ ಮಲಗುವುದಿಲ್ಲ, ಹುಳದ ಬುಟ್ಟಿಗೆ ಬಾಯಿ ಹಾಕುತ್ತದೆ. ಆದರೆ ಜಗತ್ತಿನಲ್ಲೆಲ್ಲ ಬೆಕ್ಕಿರುವ ಆಟ ಓಡುತ್ತಿತ್ತಂತೆ. ಇನ್ನೊಬ್ಬರಿಗೆ ಬೆಕ್ಕಿದೆ ಎಂದು ಇವಳಿಗೂ ಬೆಕ್ಕು. ಯಾರ ಮಾತನ್ನೂ ಕೇಳಬೇಕಿಲ್ಲದ ಆಟ ಇದು.

ಎರಡನೆಯ ಗುಂಪು ರೇಜ್ ಗುಂಪು. ಸಿಟ್ಟು ಬರಿಸುವ ಆಟಗಳನ್ನು ಹುಡುಕಿ ಆಡಿ, ಸೋತು, ಕೂಗಾಡಿ, ಆ ಕೂಗಾಟವನ್ನು ಜನರಿಗೆ ತೋರಿಸುವುದೇ ಇವರ ಕಸುಬು. ಯಾವ ದೇಶದವನೋ ಒಬ್ಬ, ವಿಮಾನದ ಸೀಟಿನಂಥ ಕುರ್ಚಿಯಲ್ಲಿ ಕೂತು ನಮ್ಮ ಆಟ ಆಡಿದ. ಆರಾದಾಗ ನನ್ನ ದನಿ ಬಂತು, ಅವನು ಗಾಬರಿಯಾಗಿ ಎಳೆ ಕಡಿದ. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬಂತು: ಗಂಡನ ಮೀಸೆ ಎಣಿಸುತ್ತಾ ಕೂತಿದ್ದೀಯಾ. ಅವನು ಕುರ್ಚಿಯಿಂದ ಕೆಳಗೆ ಬಿದ್ದು ನಕ್ಕ. ಅದನ್ನು ಲಕ್ಷಗಟ್ಟಲೆ ಜನ ನೋಡಿದರು. ಆ ವಾರ ಜುವೇರಿಯಾ ಫೋನು ಮಾಡಿ, "ಖಾಲಾ, ನೀನು ವೈರಲ್!" ಎಂದು ಕಿರುಚಿದಳು. ನನಗೆ ವೈರಲ್ ಜ್ವರ ಮಾತ್ರ ಗೊತ್ತಿತ್ತು. ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಆಮೇಲೆ ತಿಳಿಯಿತು.

ಬೈಗುಳ ಕೇಳುವುದಕ್ಕೆಂದೇ ಜನ ಆಡತೊಡಗಿದರು. ಬೇಕೆಂದೇ ತಡ ಮಾಡಿ ಆರಕ್ಕೆ ತರುವುದು, ಬೈಸಿಕೊಳ್ಳುವುದು, ನಗುವುದು. ತೌಹೀದ್ ಲೆಕ್ಕ ತೆಗೆದು ನೋಡಿ, ಬೈಗುಳ ಎಳೆ ಕಡಿದ ಮೇಲೆ ಬಂದರೆ ತುಣುಕು ಚೆನ್ನಾಗಿ ಓಡುತ್ತದೆ ಎಂದ. ಮೊದಲು ಸೋಲು, ಆಮೇಲೆ ಬೈಗುಳ, ಆಮೇಲೆ ನಗು. ಬೈಗುಳವನ್ನು ಆರರಿಂದ ತೆಗೆದು ಕೊನೆಗೆ ಅಂಟಿಸಿದರು. ಆಟದ ಹೆಸರೂ 'ಆಂಟಿಗೆ ಕೋಪ ಬಂತು' ಎಂದಾಯಿತು. ಜಗತ್ತಿನಲ್ಲಿ ಅಷ್ಟು ಜನ ಆಡಿದರು, ಒಂದು ಲಡಿ ನೂಲು ಪೂರ್ತಿ ತೆಗೆದವರು ಎಷ್ಟು ಜನ ಎಂದು ನಾನೊಮ್ಮೆ ಕೇಳಿದೆ. ತೌಹೀದ್ ನೋಡಿ ಹೇಳಿದ: "ನೂರಾ ಹದಿನೇಳು, ಖಾಲಾ. ಯಾರಿಗೂ ಗೆಲ್ಲೋದು ಬೇಕಾಗಿಲ್ಲ."

ಇದನ್ನೆಲ್ಲ ಬೇರೆಯವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಬಹುದು. ಆದರೆ ನನಗೂ ಹಿತವಾಗಿತ್ತು. ಮಾರ್ಕೆಟ್ಟಿನ ಬಾಗಿಲಲ್ಲಿ ಗೂಡು ತಂದ ಹುಡುಗರು, "ಆಂಟಿ, ನಂಗೊಂದು ಬೈರಿ," ಎಂದು ಸೆಲ್ಫಿ ತೆಗೆದರು. ನಾನು ಬೈದೆ. ಮಾಗಡಿಯಲ್ಲಿ ಒಂದು ಮದುವೆಗೆ ಹೋದರೆ ಮದುಮಗಳಿಗೇ ಬೈಯಿಸಿದರು. ಐವತ್ತೆರಡರ ಹೆಂಗಸು ನಾನು, ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡಿದೆ. ಬೈಗುಳಕ್ಕೆ ಹೊಸ ದುಪಟ್ಟಾ ಕೊಂಡವಳು ಇಡೀ ರಾಮನಗರದಲ್ಲಿ ನಾನೊಬ್ಬಳೇ ಇರಬೇಕು.

ಹಾಗಿರುವಾಗ ಒಂದು ದಿನ ಜುವೇರಿಯಾ ಶೆಡ್ಡಿನಲ್ಲಿ ಫೋನು ಹಿಡಿದು ನಿಂತಿದ್ದಳು. ಫಿರೋಜಾಳ ಬೇಸಿನ್ನಿನಲ್ಲಿ ಗೂಡು ಏಳಾಯಿತು. ನೋಡಿದೆ. ಆರಾಯಿತು. ಬೈಗುಳ ನಾಲಿಗೆಯ ಮೇಲೆ ಬಂತು. ನಾನು ಅದನ್ನು ಹಿಡಿದುಕೊಂಡೆ. ಯಾಕೆಂದರೆ ಕಡಿದ ಮೇಲೆ ಹೇಳಿದರೆ ಚೆನ್ನಾಗಿ ಬರುತ್ತದೆ ಎಂದು ನನಗೂ ಗೊತ್ತಾಗಿತ್ತು. ಐದಾಯಿತು. ನೂಲು ಕಡಿಯಿತು. ಆಗ ದುಪಟ್ಟಾ ಸರಿಮಾಡಿಕೊಂಡು, "ನಿಮ್ಮಮ್ಮಿ ಹೆರುವಾಗ ನಿನ್ನ ಒಂದ್ ಕೈ ಆಸ್ಪತ್ರೇಲೇ ಮರ್ತ್‌ಬಂದ್ಲಾ?" ಎಂದೆ. ಆರೂ ಬೇಸಿನ್ನಿನವರು ನಕ್ಕರು. ಎಲ್ಲರಿಗಿಂತ ಜೋರಾಗಿ ಫಿರೋಜಾ ನಕ್ಕಳು. ನಕ್ಕು ನಕ್ಕು, ಕಡಿದ ನೂಲನ್ನು ಸೇರಿಸುವುದನ್ನೇ ಮರೆತಳು.

ನಾನು ಕಂಡೂ ಕಂಡೂ ಎಳೆ ಕಡಿಯಲು ಬಿಟ್ಟಿದ್ದೆ. ಶಿವಲಿಂಗಮ್ಮ ಕಲಿಸಿದ್ದನ್ನು ಆ ಕುರ್ಚಿಯಿಂದ ಬಿದ್ದವನಿಗೋಸ್ಕರ ಬಿಟ್ಟಿದ್ದೆ. ಮರುದಿನದಿಂದ ನೋಡುತ್ತೇನೆ, ಆರರಲ್ಲಿ ಬೈದರೆ ಹೆಂಗಸರು ಕೈ ನೀರಿಗೆ ಹಾಕುವ ಬದಲು ನನ್ನ ಕಡೆ ತಿರುಗಿ ನಗುತ್ತಾರೆ. ಬೈಗುಳ ಕೆಟ್ಟುಹೋಗಿತ್ತು. ಅದು ಬಿಟ್ಟರೆ ಕಲಿಸುವುದಕ್ಕೆ ನನ್ನ ಹತ್ತಿರ ಬೇರೆ ಯಾವ ಸಾಮಾನೂ ಇರಲಿಲ್ಲ.

ಕೈಲಾಂಚದ ಬಸ್ಸು ಹತ್ತಿದೆ.

ಶಿವಲಿಂಗಮ್ಮ ಜಗಲಿಯ ಮೇಲೆ ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕಣ್ಣು ಮಂಜಾಗಿದೆ, ಕೈ ಮಂಜಾಗಿಲ್ಲ. ಪಕ್ಕದಲ್ಲಿ ಕಾಲೇಜು ಓದುವ ಮೊಮ್ಮಗಳು ಪ್ರತಿಮಾ ಫೋನು ಹಿಡಿದಿದ್ದಳು. ನನ್ನನ್ನು ನೋಡಿದ್ದೇ, "ಅಯ್ಯೋ, ಆಂಟಿ ನೀವೇ!" ಎಂದು ಫೋನಿನ ಆಟದಲ್ಲಿ ಕಡಿದುಹೋದ ಎಳೆಯನ್ನು ತೋರಿಸಿದಳು. ಫೋನಿನಿಂದ ನನ್ನ ದನಿ ಬಂತು, ಮುದ್ದೆ ಕೋಲಿನ ಬೈಗುಳ. ಪ್ರತಿಮಾ ನಕ್ಕಳು.

ಮುದುಕಿಯ ಕೈ ನಿಂತಿತು. "ಯಾರಮ್ಮಿ ಅದು, ನನ್ ಮಾತ್ನ ಆಡ್ತಾವ್ಳೆ?"

"ಇವ್ರೇ ಕಣಜ್ಜಿ, ರಾಮನಗರದ ಕುರ್ಸೀದಮ್ಮೋರು."

"ಇವ್ಳಾ? ಇನ್ನೊಂದ್ ದಪ ಮಾಡ್ಸು."

ಪ್ರತಿಮಾ ಏಳು, ಆರು, ಐದು ಎಂದು ಬಾಯಲ್ಲಿ ಎಣಿಸುತ್ತಾ ಬೇಕೆಂದೇ ಕಡಿದಳು. ಮತ್ತೆ ಬೈಗುಳ ಬಂತು.

"ತಪ್ಪ್ ಜಾಗ್ದಲ್ ಬೈತಾ ಇದ್ದೀಯಲ್ಲಮ್ಮಿ," ಎಂದಳು ಶಿವಲಿಂಗಮ್ಮ. "ಕಡ್ದೋದ್ ಮ್ಯಾಲೆ ಬೈದ್ರೆ ಏನ್ ಬಂತು? ಹೆಣಕ್ಕೆ ಔಸ್ದಿ ಕುಡುಸ್ದಂಗೆ."

"ಜನ ನಗ್ತಾರೆ ಅಕ್ಕ, ಅದಕ್ಕೆ ಹಾಗೆ ಇಟ್ಟವರೆ."

"ನಗ್ತಾರಾ? ನಾನ್ ಬೈದಾಗ ನೀನ್ ಒಂದಿನಾನಾರಾ ನಕ್ಕಿದ್ದಾ?"

"ಅತ್ತಿದ್ದೆ."

"ಹೂಂ. ಅತ್ತೆ, ಕಲ್ತೆ. ನಕ್ಕೊಂಡ್ ಕಲ್ತೋಳ್ ಒಬ್ಳುನ್ನ ತೋರ್ಸು."

"ಈಗ ನಮ್ಮ ಶೆಡ್ಡಲ್ಲೂ ನಗ್ತಾರಕ್ಕ. ನಾನೇ ಹಾಳು ಮಾಡ್ಕೊಂಡೆ. ಏನ್ ಮಾಡ್ಲಿ?"

ಅವಳು ಕಡ್ಡಿಯ ರಾಶಿಗೆ ಕೈ ಚಾಚಿದಳು. ನಾಲ್ಕು ಕಡ್ಡಿಯ ಸೊಪ್ಪು ಬಿಡಿಸಿದಳು. "ಬಾಯ್ ಮುಚ್ಕೊಂಡ್ ಹಿಂದ್ಗಡೆ ನಿಂತ್ಕೊ," ಎಂದಳು. "ಬಾಯ್ ಕೆಟ್ರೂ ನಿಲ್ಲಾಕ್ ಕಾಲ್ ಅವೆಯಲ್ಲ." ಆಮೇಲೆ, "ಬರಿ ಕೈಲಿ ಕೂತಿದ್ದೀಯಲ್ಲ, ಆ ಕಡ್ಡಿ ತಕ್ಕೊಂಡ್ ಒಸಿ ಸೊಪ್ಪ್ ಬುಡ್ಸು."

ಸಂಜೆಯ ಬಸ್ಸಿನವರೆಗೆ ಸೊಪ್ಪು ಬಿಡಿಸಿ ಬಂದೆ. ಮರುದಿನ ಜುವೇರಿಯಾಗೆ ಫೋನು ಮಾಡಿ, ಬೈಗುಳವನ್ನು ಮೊದಲಿನ ಹಾಗೆ ಆರಕ್ಕೆ ಇಟ್ಟರೆ ಮಾತ್ರ ಮುಂದೆ ನನ್ನ ದನಿ ಎಂದೆ.

"ಸರಿ ಖಾಲಾ," ಎಂದಳು. "ಕಮ್ಯುನಿಟೀನ ಕೇಳಿ ಹೇಳ್ತೀನಿ."

ಹೀಗೆ ವೋಟು ನಡೆಯಿತು. ಹೀಗೆ ಅವಳು ಇವತ್ತು ನನ್ನ ಮುಂದೆ ನಿಂತಿದ್ದಾಳೆ, ಎಂಬತ್ತೆರಡು ಪರ್ಸೆಂಟ್ ಹಿಡಿದುಕೊಂಡು.

"ನಿನಗೇನು ಅನ್ಸುತ್ತೆ?" ಎಂದು ಕೇಳಿದೆ. "ಹನ್ನೊಂದು ಸಾವಿರ ಇರ್ಲಿ. ಆಟ ಮಾಡಿದೋಳು ನೀನು. ಬೈಗುಳ ಎಲ್ಲಿರ್ಬೇಕು?"

ಅವಳು ತಲೆ ತಗ್ಗಿಸಿದಳು. "ಮೊದಲನೇ ಆಟಾನೇ ಚೆನ್ನಾಗಿತ್ತು, ನಂಗೂ ಗೊತ್ತು. ಅದನ್ನ ಎಷ್ಟು ಜನ ಆಡಿದ್ರು ಗೊತ್ತಾ ನಿಂಗೆ? ನಲವತ್ಮೂರು. ಅದರಲ್ಲಿ ಇಪ್ಪತ್ತು ಜನ ನಮ್ಮ ನೆಂಟರು. ಎರಡು ವರ್ಷ ಖಾಲಾ! ಯಾರೂ ನೋಡದೇ ಇರೋದನ್ನ ಮಾಡಿ ಏನು ಮಾಡ್ಲಿ?"

ನನ್ನ ಮೂವತ್ತಮೂರು ವರ್ಷವನ್ನು ಯಾರು ನೋಡಿದ್ದರು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅದನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು.

"ಬೈಗುಳ ಬೇಕಲ್ಲ ನಿಂಗೆ," ಎಂದೆ. "ಬಾ. ಈ ಬೇಸಿನ್ ಮುಂದೆ ಕೂರು. ಗಾಳಿಗೆ ಬೈಯೋಕೆ ನಂಗೆ ಬರಲ್ಲ."

ಅವಳಿಗೆ ಖುಷಿಯಾಯಿತು. ಫೋನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಕೆಂಪು ಚುಕ್ಕೆ ಹತ್ತಿಕೊಂಡಿತು. ತೋಳು ಮಡಿಸಿ, ಎರಡು ವರ್ಷದಲ್ಲಿ ಮೊದಲ ಸಲ ಬಿಸಿನೀರಿಗೆ ಬೆರಳು ಅದ್ದಿ, "ಅಮ್ಮಾ," ಎಂದು ಕೈ ಕಿತ್ತುಕೊಂಡು, ಮತ್ತೆ ಅದ್ದಿದಳು. ನಾನು ಎಂಟು ಗೂಡು ಹಿಡಿಸಿ ಕೊಟ್ಟು ಬೆನ್ನ ಹಿಂದೆ ನಿಂತೆ. ಉಳಿದ ಬೇಸಿನ್ನಿನವರು ಕೆಲಸ ಮಾಡುತ್ತಲೇ ಕಣ್ಣು ಇತ್ತ ಇಟ್ಟಿದ್ದರು.

ಮೊದಲ ಗೂಡು ಮುಳುಗಿತು. ಏಳು. ಅವಳು ಒಂದು ಹೊಸ ತುದಿ ಹಿಡಿದಳು, ಎಸೆದಳು, ಅದು ಜಾರಿ ಬಿತ್ತು. ಮತ್ತೆ ಎಸೆದಳು. ಆಗಲೇ ಇನ್ನೊಂದು ಮುಳುಗಿತು.

ಆರು.

ಬೈಗುಳ ಗಂಟಲಿಗೆ ಬಂತು. ಅವಳು ಆಟದಿಂದ ತೆಗೆದುಹಾಕಿದ ಅದೇ ಬೈಗುಳ, ಹುಳ ಜೀವ ಕೊಟ್ಟದ್ದು. ಆ ಕ್ಷಣಕ್ಕೆ ಅದು ಅವಳದೇ ಆಗಿತ್ತು, ಅವಳ ಕೈಗೆ ಬೇಕಾಗಿತ್ತು. ಹೇಳಿದ್ದರೆ ಕೈ ಹೋಗುತ್ತಿತ್ತೇನೋ. ಆದರೆ ಇವತ್ತು ಆರರಲ್ಲಿ ನಾನು ಆಡಿದ ಮಾತು ನಾಳೆ ಚನ್ನಪಟ್ಟಣದ ಕೋಣೆಯಲ್ಲಿ ಕತ್ತರಿಸಿಕೊಂಡು ಐದರ ಮೇಲೆ ಅಂಟಿಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಹಲ್ಲು ಕಚ್ಚಿದೆ. ಫಿರೋಜಾಳಿಗೆ ಮಾಡಿದ್ದನ್ನೇ ನನ್ನ ತಂಗಿಯ ಮಗಳಿಗೂ ಮಾಡಿದೆ. ಅವತ್ತು ನಗುವಿಗೋಸ್ಕರ, ಇವತ್ತು ನಗು ಬೇಡವೆಂದು.

ಐದು. ನೂಲು ಕಡಿಯಿತು.

ಜುವೇರಿಯಾ ನನ್ನ ಕಡೆ ಮುಖವೆತ್ತಿ ತಿರುಗಿದಳು. ಮುಖದ ತುಂಬ ನಗು, ಸಿಹಿ ಕೊಡುತ್ತಾರೆ ಎಂದು ಕಾಯುವ ಮಗುವಿನ ಹಾಗೆ. ನಾನು ಅವಳನ್ನು ನೋಡಿದೆ. ರಾಟೆಗಳು ತಿರುಗುತ್ತಿದ್ದವು.

"ಬೈಯಿ ಖಾಲಾ."

ನಾನು ಮಾತಾಡಲಿಲ್ಲ.

"ರೆಕಾರ್ಡ್ ಆಗ್ತಾ ಇದೆ. ಬೈಯಿ."

ಯಾರೋ ಕಿಸಕ್ಕೆಂದು ನಕ್ಕು ಅರ್ಧಕ್ಕೆ ನಿಲ್ಲಿಸಿದರು. ಜುವೇರಿಯಾಳ ನಗು ಒಂದೊಂದೇ ಗೂಡು ಮುಳುಗಿದ ಹಾಗೆ ಕಡಿಮೆಯಾಯಿತು. "ಅಷ್ಟು ಕೆಟ್ಟದಾಗಿ ಮಾಡಿದ್ನಾ?" ಎಂದಳು ಸಣ್ಣ ದನಿಯಲ್ಲಿ. ಅವಳ ಬೆರಳ ತುದಿಗಳು ಕೆಂಪಾಗಿದ್ದವು. ನಾನು ಬಾಗಿ, ಅವಳ ಭುಜದ ಮೇಲಿನಿಂದ ಕೈ ಚಾಚಿ, ಕಡಿದ ಎಳೆ ಹುಡುಕಿ ಸೇರಿಸಿ, ಎಂಟಕ್ಕೆ ತಂದು ನಿಲ್ಲಿಸಿದೆ. ನನ್ನ ಪಾಡಿಗೆ ಒಲೆಯ ಹತ್ತಿರ ಹೋಗಿ ಬೇಯುವ ಗೂಡು ನೋಡತೊಡಗಿದೆ.

ಅವಳು ಎದ್ದು ಕೈ ಮೂಸಿ ನೋಡಿಕೊಂಡಳು, ಸೋಪು ಹಾಕಿ ಎರಡು ಸಲ ತೊಳೆದಳು, ಫೋನು ತೆಗೆದುಕೊಂಡು ಸಲಾಂ ಹೇಳಿ ಹೊರಟುಹೋದಳು. ಸ್ಕೂಟಿಯ ಶಬ್ದ ಬೀದಿಯ ತಿರುವಿನವರೆಗೆ ಕೇಳಿಸಿತು. ಅವಳಿಗೆ ತಿಳಿಯಿತು ಎಂದುಕೊಂಡೆ. ನನ್ನ ತಂಗಿಯ ಮಗಳಲ್ಲವೇ, ತಿಳಿಯದೆ ಏನು ಎಂದುಕೊಂಡೆ. ಮೂರ್ಖಳು ನಾನು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದ ಫಿರೋಜಾ ಚಪ್ಪಲಿ ಬಿಡುವ ಮುಂಚೆಯೇ, "ಆಪಾ, ನೀವು ಸುಮ್ನಿರೋದು ಎಲ್ರ ಫೋನಲ್ಲೂ ಐತೆ!" ಎಂದಳು. ಜುವೇರಿಯಾ ಆ ತುಣುಕನ್ನು ಹಾಕಿದ್ದಳು. ಎಳೆ ಕಡಿಯುತ್ತದೆ, ಅವಳು ಮುಖವೆತ್ತುತ್ತಾಳೆ, ನಾನು ನೋಡುತ್ತೇನೆ. ಎಳೆ ಸೇರಿಸಿದ್ದು ಅದರಲ್ಲಿ ಇರಲಿಲ್ಲ, ಕತ್ತರಿಸಿದ್ದಳು. ಕೆಳಗೆ ಬರೆದಿತ್ತು: ಬೈಗುಳಕ್ಕಿಂತ ಭಯಂಕರ. ಹಿಂದಿನ ಎಲ್ಲ ತುಣುಕುಗಳಿಗಿಂತ ಹೆಚ್ಚು ಜನ ನೋಡಿದ್ದರು.

"ಇವತ್ತು ಬೈಯೋ ದಿನಾನಾ ಆಪಾ, ಸುಮ್ನಿರೋ ದಿನಾನಾ? ಹೇಳ್ಬುಡಿ, ಅದಕ್ಕೆ ತಕ್ಕಂಗ್ ಕೂತ್ಕೋತೀವಿ," ಎಂದಳು. ಎಲ್ಲರೂ ನಕ್ಕರು. ನಾನು ಒಲೆಗೆ ಸೌದೆ ಹಾಕಿದೆ.

ಹನ್ನೊಂದು ಗಂಟೆಗೆ ಜುವೇರಿಯಾ ಫೋನು ಮಾಡಿದಳು. ದನಿಯಲ್ಲಿ ಹಿಂದಿನ ದಿನದ ಸೋಲಿನ ಕುರುಹೇ ಇಲ್ಲ.

"ಖಾಲಾ, ಸೂಪರ್ ಐಡಿಯಾ ಕೊಟ್ಟೆ ನೀನು! ಆಟಕ್ಕೆ ಹಾಕ್ತಾ ಇದ್ದೀವಿ. ಹತ್ತು ಸಲ ಕಡಿದ್ರೆ ಆಂಟಿ ಮಾತು ಬಿಡ್ತಾಳೆ. ಎಲ್ರೂ ಅದೇ ಕೇಳ್ತಾ ಇದಾರೆ. ಒಂದೇ ಒಂದು ತೊಂದ್ರೆ. ನಿನ್ನೆ ರಾಟೆ ಶಬ್ದ ಜಾಸ್ತಿ ಬಂದ್‌ಬಿಟ್ಟಿದೆ. ನೀನು ಇನ್ನೊಂದ್ಸಲ ಸುಮ್ನಿರ್ತೀಯಾ? ಮೆಷಿನ್ ಎಲ್ಲಾ ಆಫ್ ಮಾಡಿ ಇಪ್ಪತ್ತು ಸೆಕೆಂಡ್ ಸಾಕು."

ಆರು ಬೇಸಿನ್ನು ನಿಲ್ಲಿಸಿ ನಾನು ಇನ್ನೊಂದು ಸಲ ಸುಮ್ಮನಿರಬೇಕಂತೆ.

ನಗು ಬಂತು. ಎಷ್ಟೋ ವಾರದ ಮೇಲೆ ಬಂದ ನಗು, ಅದನ್ನೂ ನುಂಗಿದೆ. ಫೋನನ್ನು ಆಫ್ ಮಾಡಲಿಲ್ಲ. ಸ್ಟೂಲಿನ ಮೇಲೆ ಇಟ್ಟೆ. ಮೂರನೇ ಬೇಸಿನ್ನಿನಲ್ಲಿ ಫಿರೋಜಾ ಪಕ್ಕದವಳ ಜೊತೆ ಆ ತುಣುಕಿನ ಮಾತೇ ಆಡುತ್ತಿದ್ದಳು. ಅವಳ ನೀರಿನಲ್ಲಿ ಏಳಾಗಿತ್ತು.

ಅವಳ ಬೆನ್ನ ಹಿಂದೆ ಹೋಗಿ ನಿಂತೆ.

ಫಿರೋಜಾಳಿಗೆ ಗೊತ್ತಾಯಿತು. ತಿರುಗುತ್ತಾಳೆ, ನಗುತ್ತಾಳೆ ಎಂದು ಕಾದೆ. ನನ್ನ ಹತ್ತಿರ ಬೈಗುಳವಿರಲಿಲ್ಲ. ಮೌನವೂ ಈಗ ನನ್ನದಾಗಿ ಉಳಿದಿರಲಿಲ್ಲ. ಕಾಲು ಮಾತ್ರ ಇತ್ತು, ನಿಂತೆ. ಇನ್ನೊಂದು ಹುಳ ಮುಳುಗಿತು. ನೂಲು ಸಣ್ಣಗಾಗಿದ್ದು ರಾಟೆಯ ಮೇಲೆ ಕಾಣುತ್ತಿತ್ತು. ಅವಳ ಮಾತು ಅರ್ಧಕ್ಕೆ ನಿಂತಿತು. ಭುಜ ಬಿಗಿಯಾಯಿತು. ತಿರುಗಲಿಲ್ಲ. ಕೈ ನೀರಿಗೆ ಹೋಯಿತು. ಒಂದು ತುದಿ ಎಸೆದಳು, ಹಿಡಿಯಿತು. ಇನ್ನೊಂದು ಎಸೆದಳು, ಅದೂ ಹಿಡಿಯಿತು. ಎಂಟು ಗೂಡು ಕುಣಿದವು.

ಸ್ಟೂಲಿನ ಮೇಲಿಂದ, "ಹಲೋ? ಖಾಲಾ? ಶುರು ಮಾಡಿದ್ಯಾ? ಇನ್ನೂ ರಾಟೆ ಶಬ್ದ ಬರ್ತಾ ಇದೆ," ಎಂದು ಜುವೇರಿಯಾ ಕೇಳುತ್ತಿದ್ದಳು.

ಐದನೇ ಬೇಸಿನ್ನಿನಲ್ಲಿ ಏಳಾಗಿತ್ತು. ಅತ್ತ ಹೋದೆ.